ಕ್ಯಾಸನೂರು ಕಾಡಿಗೆ ಬಂದವರು

1957ರ ಬೇಸಿಗೆ ಏರುತ್ತಿದ್ದ ಹಾಗೆ ಸೊರಬ, ಸಾಗರ ತಾಲ್ಲೂಕುಗಳ ಕಾಡಂಚಿನ ಊರುಗಳ ಜನ ಒಂದು ಲೆಕ್ಕ ಹಾಕಿಕೊಂಡಿದ್ದರು: ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಸ್ವಲ್ಪ ದಿನಕ್ಕೆ ಊರಲ್ಲಿ ಜ್ವರ ಏಳುತ್ತದೆ. ಸಾಯುತ್ತಿದ್ದವುಗಳಲ್ಲಿ ಹೆಚ್ಚಿನವು ಕಪ್ಪು ಮುಖದ ಮುಸಿಯಗಳು, ನಡುವೆ ಕೆಲವು ಕೋಡಗಗಳು. ಹಾಸಿಗೆ ಹಿಡಿಯುತ್ತಿದ್ದವರು ಸೊಪ್ಪಿನ ಬೆಟ್ಟಕ್ಕೆ ಹೋದವರು, ಸೌದೆ ಕಡಿದವರು, ದರಗು ಗುಡಿಸಿದವರು, ಮೇಯಲು ಬಿಟ್ಟ ದನ ಹುಡುಕಿಕೊಂಡು ಕಾಡು ಹೊಕ್ಕವರು. ಜ್ವರ ಇದ್ದಕ್ಕಿದ್ದಂತೆ ಬರುತ್ತಿತ್ತು. ಹಣೆ ಸಿಡಿಯುವಂಥ ನೋವು, ಮೈಕೈ ಮುಟ್ಟಗೊಡದಷ್ಟು ನೋವು, ವಾಂತಿ, ಕೆಂಪಾದ ಕಣ್ಣು. ಕೆಲವರಿಗೆ ಮೂಗು, ಒಸಡುಗಳಿಂದ ರಕ್ತ. ಒಂದೆರಡು ವಾರದಲ್ಲಿ ಜ್ವರ ಇಳಿಯಿತು ಎಂದುಕೊಳ್ಳುವಷ್ಟರಲ್ಲಿ ಕೆಲವರಿಗೆ ಮತ್ತೆ ಮರಳಿ, ಈ ಸಲ ತಲೆಗೇರುತ್ತಿತ್ತು. ಮೊದಲು ನೋಡಿದ ವೈದ್ಯರು ಇದನ್ನು ವಿಷಮಶೀತ ಜ್ವರ ಎಂದುಕೊಂಡರು. ಲೆಕ್ಕಕ್ಕೆ ಸಿಕ್ಕ ರೋಗಿಗಳು ಆ ವರ್ಷ 466, ಮರುವರ್ಷ 181.

ಈ ರೋಗದ ಮೊದಲ ಸುಳಿವು ಕೊಟ್ಟದ್ದು ಯಾವ ಪ್ರಯೋಗಾಲಯವೂ ಅಲ್ಲ. ಮಂಗನ ಸಾವಿಗೂ ಮನುಷ್ಯನ ಜ್ವರಕ್ಕೂ ನಂಟು ಕಟ್ಟಿದ್ದು ಊರ ಜನ. ‘ಮಂಗನ ಕಾಯಿಲೆ’ ಎಂಬ ಹೆಸರಲ್ಲೇ ಆ ಪತ್ತೆ ಅಡಗಿದೆ. ಮುಂದೆ ಪುಣೆ, ನ್ಯೂಯಾರ್ಕ್, ಕೈರೋ, ಲಂಡನ್ನುಗಳ ವಿಜ್ಞಾನಿಗಳು ಸೇರಿ ಬರೆದ ಕತೆಯ ಮೊದಲ ಸಾಲು ಇವರದು. ಹಾಗಾಗಿ ಈ ಇತಿಹಾಸವನ್ನು ಇಲ್ಲಿಂದಲೇ ಶುರುಮಾಡಬೇಕು ಎಂಬುದು ನನ್ನ ಹಟ.

ಮಂಗಗಳು ಸಾಯುತ್ತಿವೆ ಎಂಬ ಸುದ್ದಿ ಪುಣೆ ಮುಟ್ಟಿದಾಗ ಅಲ್ಲಿನ ವಿಜ್ಞಾನಿಗಳು ಬೆಚ್ಚಿದರು. ಅವರ ತಲೆಯಲ್ಲಿದ್ದದ್ದು ಹಳದಿ ಜ್ವರ, ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ಯೆಲ್ಲೋ ಫೀವರ್. ಆ ಜ್ವರ ಅಲ್ಲಿನ ಕಾಡುಗಳಲ್ಲಿ ಮಂಗಗಳ ನಡುವೆ ಓಡಾಡಿಕೊಂಡಿರುತ್ತದೆ; ಅಮೆರಿಕ ಖಂಡದ ಕಾಡುಗಳಲ್ಲಂತೂ ಮಂಗಗಳ ಸಾವೇ ಅದು ಬರುವ ಮುನ್ಸೂಚನೆ. ಭಾರತದಲ್ಲಿ ಅದು ಎಂದೂ ಕಾಣಿಸಿಕೊಂಡಿರಲಿಲ್ಲ. ಆದರೆ ಅದನ್ನು ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ನಮ್ಮ ಊರೂರಲ್ಲಿತ್ತು, ಮಂಗಗಳು ಬೇಕಾದಷ್ಟಿದ್ದವು, ಲಸಿಕೆ ಕಾಣದ ಕೋಟ್ಯಂತರ ಜನರಿದ್ದರು. ವಿಮಾನಗಳು ಬಂದಮೇಲೆ ಆಫ್ರಿಕದಿಂದ ಮುಂಬಯಿಗೆ ಬರಲು ತಿಂಗಳುಗಳು ಬೇಕಿರಲಿಲ್ಲ. ಹಳದಿ ಜ್ವರವಿದ್ದ ನಾಡುಗಳಿಂದ ಲಸಿಕೆಯ ಪ್ರಮಾಣಪತ್ರ ಇಲ್ಲದೆ ಬಂದವರನ್ನು ಭಾರತದ ವಿಮಾನ ನಿಲ್ದಾಣಗಳು ತಡೆದು ಕೂರಿಸುತ್ತಿದ್ದುದು ಈ ಭಯಕ್ಕೇ. ಮಲೆನಾಡಿನ ಕಾಡಿನಲ್ಲಿ ಸಾಲಾಗಿ ಮುಸಿಯಗಳು ಸತ್ತವೆಂದರೆ, ಆ ದಿನ ಬಂದೇಬಿಟ್ಟಿತೇ ಎಂದು ಯಾರಾದರೂ ಕೇಳುವಂಥದ್ದೇ.

ಹಾಗೆ ಕೇಳಬಲ್ಲ ಜನ ಪುಣೆಯಲ್ಲಿ ಇದ್ದದ್ದು ಅದೃಷ್ಟವಲ್ಲ, ಸಿದ್ಧತೆ. 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ ಅಲ್ಲಿ ವೈರಸ್ ಸಂಶೋಧನಾ ಕೇಂದ್ರವನ್ನು ತೆರೆದಿದ್ದವು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ಆ ಹೆಸರು ಬಂದದ್ದು 1978ರಲ್ಲಿ. ರಾಕ್‌ಫೆಲ್ಲರ್‌ನವರು ಅದಕ್ಕೂ ಮೊದಲು ಮೂರು ದಶಕಗಳ ಕಾಲ ಹಳದಿ ಜ್ವರದ ಬೆನ್ನು ಹತ್ತಿದ್ದರು, ಆ ಕೆಲಸದಲ್ಲಿ ತಮ್ಮದೇ ಸಂಶೋಧಕರನ್ನು ಆಫ್ರಿಕದಲ್ಲಿ ಕಳೆದುಕೊಂಡಿದ್ದರು. ಅವರ ಪ್ರಯೋಗಾಲಯದ ಮ್ಯಾಕ್ಸ್ ಥೀಲರ್ ಹಳದಿ ಜ್ವರದ ಲಸಿಕೆಗಾಗಿ 1951ರಲ್ಲಿ ನೊಬೆಲ್ ಪಡೆದಿದ್ದ. ಆ ಯುದ್ಧದಿಂದ ಅವರು ಕಲಿತ ಪಾಠವೆಂದರೆ ಸೊಳ್ಳೆ, ಉಣುಗುಗಳ ಮೂಲಕ ಹರಡುವ ವೈರಸ್ಸುಗಳನ್ನು ಒಂದು ದೇಶದೊಳಗೆ ಕೂತು ಅರಿಯಲಾಗದು ಎಂಬುದು. ಆದ್ದರಿಂದ ಐವತ್ತರ ದಶಕದಲ್ಲಿ ನ್ಯೂಯಾರ್ಕಿನ ಕೇಂದ್ರವನ್ನು ನಡುವೆ ಇಟ್ಟುಕೊಂಡು ಬ್ರೆಜಿಲಿನ ಬೆಲೆಂ, ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್, ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್, ಪುಣೆ ಹೀಗೆ ಪ್ರಯೋಗಾಲಯಗಳ ಒಂದು ಬಳಗ ಕಟ್ಟಿದರು. ಒಂದು ಕಡೆ ಸಿಕ್ಕ ವೈರಸ್ಸಿನ ಮಾದರಿ, ಅದರ ವಿರುದ್ಧ ತಯಾರಿಸಿದ ಸೀರಂ ಉಳಿದ ಕಡೆಗೂ ಹೋಗುತ್ತಿತ್ತು. ಯಾರಿಗೆ ಏನು ಸಿಕ್ಕಿದರೂ ಅದನ್ನು ಹೋಲಿಸಿ ನೋಡಲು ಒಂದೇ ಅಳತೆಗೋಲು ಎಲ್ಲರ ಕೈಯಲ್ಲೂ ಇರಬೇಕು ಎಂಬುದು ಲೆಕ್ಕಾಚಾರ.

1957ರಲ್ಲಿ ಪುಣೆಯ ಕೇಂದ್ರದ ನಿರ್ದೇಶಕ ಟೆಲ್ಫರ್ಡ್ ವರ್ಕ್. ವೈದ್ಯ, ಹಕ್ಕಿಗಳ ಹುಚ್ಚಿನವನು, ಪುಣೆಗೆ ಬರುವ ಮುನ್ನ ಈಜಿಪ್ಟಿನ ನೈಲ್ ನದಿಯ ಹಳ್ಳಿಗಳಲ್ಲಿ ವೆಸ್ಟ್ ನೈಲ್ ವೈರಸ್ಸನ್ನು ಬೆನ್ನಟ್ಟಿದವನು. ಜೊತೆಗಿದ್ದ ಹೆರಾಲ್ಡ್ ಟ್ರಪೀಡೊ ಪನಾಮಾದ ಕಾಡುಗಳಲ್ಲಿ ಮರದ ನೆತ್ತಿಯ ಮೇಲೆ ಬದುಕುವ ಸೊಳ್ಳೆಗಳನ್ನು ಅಭ್ಯಾಸ ಮಾಡಿದ್ದ ಜೀವವಿಜ್ಞಾನಿ. ಇವರ ಜೊತೆ ಕೇಂದ್ರದ ಭಾರತೀಯ ಸಂಶೋಧಕರು, ಮೈಸೂರು ರಾಜ್ಯದ ಆರೋಗ್ಯ ಇಲಾಖೆಯ ವೈದ್ಯರು. ಮಾರ್ಚಿನಲ್ಲಿ ಈ ತಂಡ ಮಲೆನಾಡಿಗೆ ಬಂದಿತು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಸಿಕ್ಕ ಮಂಗಗಳ ಅಂಗಾಂಶ, ಹಳ್ಳಿಗಳ ರೋಗಿಗಳ ರಕ್ತ ಎರಡೂ ಪುಣೆಗೆ ಹೋದವು. ಅಲ್ಲಿ ಅವನ್ನು ಎಳೆಯ ಬಿಳಿ ಇಲಿಮರಿಗಳಿಗೆ ಚುಚ್ಚಿ ಕಾದರು. ಇಲಿಮರಿಗಳು ಕಾಯಿಲೆ ಬಿದ್ದು ಸತ್ತವು. ಮಂಗನಿಂದ ಬಂದದ್ದೂ ಮನುಷ್ಯನಿಂದ ಬಂದದ್ದೂ ಒಂದೇ ವೈರಸ್. ಆ ವರ್ಷ ಒಬ್ಬ ರೋಗಿಯ ರಕ್ತದಿಂದ ಬೇರ್ಪಡಿಸಿದ ಪಿ-9605 ಎಂಬ ಮಾದರಿಯನ್ನು ಇಂದಿಗೂ ಜಗತ್ತಿನ ಪ್ರಯೋಗಾಲಯಗಳು ಹೋಲಿಕೆಗೆ ಬಳಸುತ್ತವೆ. ಆ ರೋಗಿ ಯಾರೋ, ಬದುಕಿದರೋ ಇಲ್ಲವೋ ಎಂಬುದು ಆ ಸಂಖ್ಯೆಯಲ್ಲಿ ಇಲ್ಲ.

ಹಳದಿ ಜ್ವರ ಅಲ್ಲವೆಂಬುದು ಬೇಗ ಖಚಿತವಾಯಿತು. ಹಾಗಾದರೆ ಮತ್ತೇನು? ಇಲ್ಲಿ ಆ ಬಳಗ ಫಲ ಕೊಟ್ಟಿತು. ನ್ಯೂಯಾರ್ಕಿನ ಪ್ರಯೋಗಾಲಯದಲ್ಲಿ ಜೋರ್ಡಿ ಕಸಾಲ್ಸ್ ಎಂಬ ಕ್ಯಾಟಲೋನಿಯ ಮೂಲದ ವಿಜ್ಞಾನಿ ವರ್ಷಗಟ್ಟಲೆ ಒಂದೇ ಕೆಲಸಕ್ಕೆ ಕೂತಿದ್ದ: ಯಾವ ವೈರಸ್ಸಿನ ವಿರುದ್ಧದ ಸೀರಂ ಇನ್ಯಾವ ವೈರಸ್ಸನ್ನು ಹಿಡಿಯುತ್ತದೆ ಎಂದು ಪರೀಕ್ಷಿಸಿ ವೈರಸ್ಸುಗಳ ವಂಶಾವಳಿ ಕಟ್ಟುವುದು. ಡೆಲ್ಫೀನ್ ಕ್ಲಾರ್ಕ್ ಜೊತೆ ಅವನು ಹದಗೊಳಿಸಿದ ಪರೀಕ್ಷಾ ವಿಧಾನ ಮುಂದೆ ದಶಕಗಳ ಕಾಲ ಎಲ್ಲ ವೈರಸ್ ಪ್ರಯೋಗಾಲಯಗಳ ದಿನನಿತ್ಯದ ಕೆಲಸವಾಯಿತು. ಅಂಥ ಸೀರಂಗಳ ಸಾಲಿನಲ್ಲಿ ಕ್ಯಾಸನೂರಿನ ವೈರಸ್ಸನ್ನು ಇಟ್ಟು ನೋಡಿದಾಗ ಅದು ಸೊಳ್ಳೆಯಿಂದ ಹರಡುವವುಗಳ ಪಂಕ್ತಿಯಲ್ಲಿ ಕೂರಲಿಲ್ಲ. ಅದರ ನೆಂಟರು ಸಿಕ್ಕಿದ್ದು ಸೈಬೀರಿಯದಲ್ಲಿ. ರಷ್ಯದ ವಸಂತ–ಬೇಸಿಗೆಯ ಮಿದುಳುಜ್ವರ ಎಂದು ಕರೆಯುತ್ತಿದ್ದ, ಉಣುಗುಗಳಿಂದ ಹರಡುವ ಕಾಯಿಲೆಯ ವೈರಸ್ಸುಗಳ ಮನೆತನಕ್ಕೆ ಇದು ಸೇರಿತ್ತು. 1947ರಲ್ಲಿ ಪತ್ತೆಯಾದ ಓಮ್ಸ್ಕ್ ರಕ್ತಸ್ರಾವ ಜ್ವರವೂ ಅದೇ ಮನೆತನದ್ದು.

ಆ ಸೀರಂಗಳ ಹಿಂದೆ ಇನ್ನೊಂದು ಕಾಡಿನ ಕತೆ ಇದೆ, ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬಾರದು. ಮಲೆನಾಡಿಗಿಂತ ಇಪ್ಪತ್ತು ವರ್ಷ ಮೊದಲು, 1937ರಲ್ಲಿ, ಸೋವಿಯತ್ ಒಕ್ಕೂಟದ ಪೂರ್ವ ತುದಿಯ ಟೈಗಾ ಕಾಡಿನಲ್ಲಿ ಮರ ಕಡಿಯುವವರು, ಸೈನಿಕರು ಮಿದುಳಿನ ಜ್ವರದಿಂದ ಸಾಯುತ್ತಿದ್ದಾಗ ಲೆವ್ ಝಿಲ್ಬರ್ ಎಂಬ ವಿಜ್ಞಾನಿ ಎಳೆಯ ಸಂಶೋಧಕರ ತಂಡ ಕಟ್ಟಿಕೊಂಡು ಮಾಸ್ಕೋದಿಂದ ಅಲ್ಲಿಗೆ ಹೋದ. ಒಂದೇ ಬೇಸಿಗೆಯಲ್ಲಿ ವೈರಸ್ಸನ್ನೂ ಅದನ್ನು ಹೊತ್ತ ಉಣುಗನ್ನೂ ಹಿಡಿದರು. ತಂಡದ ಮಿಖಾಯಿಲ್ ಚುಮಕೋವ್ ತಾನೇ ಆ ವೈರಸ್ಸಿಗೆ ಸಿಕ್ಕಿಬಿದ್ದು ಬಲಗೈಯ ಶಕ್ತಿಯನ್ನೂ ಕಿವಿಯನ್ನೂ ಬಹುಮಟ್ಟಿಗೆ ಕಳೆದುಕೊಂಡ. ಹಿಂದಿರುಗಿದ ಝಿಲ್ಬರ್‌ನನ್ನು ಸ್ಟಾಲಿನ್ ಕಾಲದ ಪೊಲೀಸರು ಅದೇ ವರ್ಷ ಬಂಧಿಸಿದರು. ಅವರು ಪತ್ತೆಮಾಡಿದ ವೈರಸ್ ಮಾತ್ರ ಗಡಿಗಳನ್ನು ದಾಟಿ ಹೋಗಿ ಹೋಲಿಕೆಯ ಸಾಲಿನಲ್ಲಿ ನಿಂತಿತು. ಎರಡು ಮಹಾಶಕ್ತಿಗಳು ಬಾಂಬು ತೋರಿಸಿ ಒಬ್ಬರನ್ನೊಬ್ಬರು ಹೆದರಿಸುತ್ತಿದ್ದ ಕಾಲದಲ್ಲಿ, ಮೈಸೂರು ರಾಜ್ಯದ ರೈತನ ಜ್ವರ ಏನೆಂದು ಹೇಳಲು ಅಮೆರಿಕದ ಪ್ರಯೋಗಾಲಯಕ್ಕೆ ರಷ್ಯದ ಕಾಡಿನ ವೈರಸ್ ಬೇಕಾಯಿತು. ಅದೇ ಚುಮಕೋವ್ ಸ್ವಲ್ಪ ವರ್ಷಕ್ಕೆ ಅಮೆರಿಕದ ಆಲ್ಬರ್ಟ್ ಸೇಬಿನ್ ಜೊತೆಗೂಡಿ ಪೋಲಿಯೋ ಹನಿಯನ್ನು ಸೋವಿಯತ್ ಮಕ್ಕಳಿಗೆ ಲಕ್ಷಗಟ್ಟಲೆ ಹಾಕಿಸಿ ಅದರ ಬಲವನ್ನು ಜಗತ್ತಿಗೆ ತೋರಿಸಿದ.

ಸೈಬೀರಿಯದ ನೆಂಟ ಮಲೆನಾಡಿಗೆ ಬಂದದ್ದು ಹೇಗೆ? ಹಕ್ಕಿಪ್ರೇಮಿ ವರ್ಕ್‌ಗೆ ತಕ್ಷಣ ಹೊಳೆದದ್ದು ಚಳಿಗಾಲಕ್ಕೆ ಉತ್ತರದಿಂದ ಹಾರಿಬರುವ ವಲಸೆ ಹಕ್ಕಿಗಳು. ಅವುಗಳ ಮೈಗಂಟಿದ ಉಣುಗುಗಳಲ್ಲಿ ವೈರಸ್ ಬಂದಿರಬಹುದಲ್ಲವೇ? ಈ ಊಹೆಯ ಬೆನ್ನಿಗೆ ವಿಶ್ವ ಆರೋಗ್ಯ ಸಂಸ್ಥೆ ನಿಂತಿತು. ಹಕ್ಕಿ ಹಿಡಿದು ಉಂಗುರ ತೊಡಿಸಿ ಬಿಡುವ ದೊಡ್ಡ ಕೆಲಸಕ್ಕೆ 1959ರಲ್ಲಿ ಮುಂಬಯಿಯ ಪ್ರಕೃತಿ ಇತಿಹಾಸ ಸಂಘದ ಸಲೀಂ ಅಲಿಗೆ ಹಣ ದೊರೆಯಿತು. ಊಹೆ ನಿಜವಾಗಲಿಲ್ಲ, ಹಕ್ಕಿಗಳು ಈ ವೈರಸ್ಸನ್ನು ತಂದವೆಂಬುದಕ್ಕೆ ಸಾಕ್ಷಿ ಸಿಗಲಿಲ್ಲ. ಆದರೆ ಭಾರತದ ಹಕ್ಕಿಗಳ ವಲಸೆಯ ಬಗ್ಗೆ ಇಂದು ನಮಗೆ ಗೊತ್ತಿರುವ ಎಷ್ಟೋ ಸಂಗತಿಗಳ ಬುನಾದಿ ಆ ಉಂಗುರಗಳು. ಮಲೆನಾಡಿನ ಒಂದು ಜ್ವರ ನಮ್ಮ ಪಕ್ಷಿಶಾಸ್ತ್ರಕ್ಕೆ ಹೀಗೆ ಒದಗಿಬಂತು.

ಹಕ್ಕಿಯ ಉತ್ತರ ಹುಸಿಯಾದರೂ ಉಣುಗಿನ ಉತ್ತರ ಗಟ್ಟಿಯಾಗಿತ್ತು. ಟ್ರಪೀಡೊ, ವರ್ಕ್, ಲಂಡನ್ನಿನ ಉಷ್ಣವಲಯ ವೈದ್ಯಕೀಯ ಶಾಲೆಯ ನಂಟಿದ್ದ ಎಂ.ಜಿ.ಆರ್. ವರ್ಮ, ಪುಣೆ ಕೇಂದ್ರದ ಕೀಟಶಾಸ್ತ್ರಜ್ಞ ಪಿ.ಕೆ. ರಾಜಗೋಪಾಲನ್ ಸೇರಿ ಕಾಡಿನ ಉಣುಗುಗಳಿಂದಲೇ ವೈರಸ್ಸನ್ನು ಹೊರತೆಗೆದರು. 1959ರಲ್ಲಿ ಅದು ಪ್ರಕಟವಾಯಿತು. ಮುಖ್ಯ ಆರೋಪಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿ. ಆದರೆ ಮಲೆನಾಡಿನ ದರಗಿನಲ್ಲಿ ಇದ್ದದ್ದು ಅದೊಂದೇ ಅಲ್ಲ. ಸಾಸಿವೆಗಿಂತ ಸಣ್ಣ ಮರಿ ಉಣುಗುಗಳನ್ನು ಬೇರೆ ಬೇರೆ ಜಾತಿಯೆಂದು ಗುರುತಿಸುವುದು ಆಗ ಬಲ್ಲವರು ತೀರ ಕಡಿಮೆ. ಅಂಥವರಲ್ಲಿ ದೊಡ್ಡವನು ಕೈರೋದಲ್ಲಿದ್ದ ಅಮೆರಿಕನ್ ಹ್ಯಾರಿ ಹೂಗ್‌ಸ್ಟ್ರಾಲ್. ಅವನು, ಟ್ರಪೀಡೊ, ರಾಜಗೋಪಾಲನ್ ಮೂವರೂ ಸೇರಿ 1964ರಲ್ಲಿ ಒಂದು ಹೊಸ ಜಾತಿಯನ್ನು ವಿವರಿಸಿ ಅದಕ್ಕೆ ಹೀಮಾಫೈಸಾಲಿಸ್ ಕ್ಯಾಸನೂರೆನ್ಸಿಸ್ ಎಂದು ಹೆಸರಿಟ್ಟರು. ಅದೇ ವರ್ಷ ದಕ್ಷಿಣ ಭಾರತದ ಈ ಕುಲದ ಉಣುಗುಗಳನ್ನು ಮರಿಯಿಂದ ಬಲಿತದ್ದರವರೆಗೆ ಎಲ್ಲ ಹಂತದಲ್ಲೂ ಗುರುತಿಸುವ ಕೈಪಿಡಿ ಬಂತು. ಕೆಲಸದ ಈ ಭಾಗಕ್ಕೆ ಪತ್ರಿಕೆಗಳಲ್ಲಿ ಎಂದೂ ಜಾಗ ಸಿಕ್ಕಿಲ್ಲ. ಇದಿಲ್ಲದೆ ಉಳಿದ ಯಾವುದೂ ನಿಲ್ಲುತ್ತಿರಲಿಲ್ಲ.

ಅರವತ್ತರ ದಶಕದಲ್ಲಿ ಸಾಗರದ ಕ್ಷೇತ್ರ ಕೇಂದ್ರಕ್ಕೆ ಬಂದ ಇನ್ನೊಬ್ಬನ ಹೆಸರು ಹೋರ್ಹೆ ಬೊಶೆಲ್, ಕೊಲಂಬಿಯ ದೇಶದ ವೈದ್ಯ. ಮೂವತ್ತರ ದಶಕದಲ್ಲಿ ತನ್ನ ನಾಡಿನ ಕಾಡುಗಳಲ್ಲಿ, ಊರ ಸೊಳ್ಳೆ ಇಲ್ಲದ ಕಡೆಯೂ ಹಳದಿ ಜ್ವರ ಬರುವುದೇಕೆ ಎಂಬ ಒಗಟನ್ನು ಅವನು ಬಿಡಿಸಿದ್ದ. ಮರ ಕಡಿಯುವವರು ದೊಡ್ಡ ಮರ ಕೆಡವಿದಾಗ ಅದರ ನೆತ್ತಿಯಲ್ಲಿ ಮಂಗಗಳ ರಕ್ತ ಹೀರಿಕೊಂಡಿದ್ದ ನೀಲಿ ಸೊಳ್ಳೆಗಳು ನೆಲಕ್ಕಿಳಿದು ಅವರಿಗೆ ಮುತ್ತಿಕೊಳ್ಳುವುದನ್ನು ಕಣ್ಣಾರೆ ಕಂಡಿದ್ದ. ರೋಗವನ್ನು ಮರ ಕಡಿಯುವವನ ಕೊಡಲಿಯಿಂದ ಹಿಂದಕ್ಕೆ ಓದಬೇಕು ಎಂದು ಕಲಿತ ಮನುಷ್ಯ ಸಾಗರಕ್ಕೆ ಬಂದ ಮೇಲೆ ಹುಡುಕಿದ್ದೂ ಅದನ್ನೇ. ಮನುಷ್ಯ ಈ ಕಾಡಿನಲ್ಲಿ ಏನು ಮಾಡುತ್ತಿದ್ದಾನೆ?

ರಾಜಗೋಪಾಲನ್ ಮತ್ತು ಬೊಶೆಲ್ ಮಾಡಿದ ಕೆಲಸ ನೋಡಲು ಸರಳ. ಬಿಳಿ ಫ್ಲಾನೆಲ್ ಬಟ್ಟೆಯನ್ನು ಕಾಡಿನ ನೆಲದ ಮೇಲೆ ಎಳೆದುಕೊಂಡು ಹೋಗುವುದು, ಅದಕ್ಕೆ ಅಂಟಿದ ಉಣುಗುಗಳನ್ನು ಎಣಿಸುವುದು, ಜಾತಿ ಹಚ್ಚುವುದು, ಮರುವಾರ ಮತ್ತೆ ಅದೇ ಜಾಗ. ಮಳೆಗಾಲ, ಚಳಿಗಾಲ, ಬೇಸಿಗೆ. ಹೀಗೆ ವರ್ಷಗಳು ಕಳೆದಾಗ ಒಂದು ಪಂಚಾಂಗ ಮೂಡಿತು. ಮುಂಗಾರಿನ ಹೊತ್ತಿಗೆ ಬಲಿತ ಉಣುಗುಗಳು ದೊಡ್ಡ ಪ್ರಾಣಿಗಳ ಮೈಹತ್ತಿ ರಕ್ತ ಕುಡಿದು ಬಿದ್ದು ಮೊಟ್ಟೆಯಿಡುತ್ತವೆ. ಮಳೆ ಮುಗಿಯುತ್ತಲೇ ಗೊಂಚಲು ಗೊಂಚಲಾಗಿ ಮರಿಗಳು ಏಳುತ್ತವೆ. ಅವು ಇಲಿ, ಸೊಂಡಿಲಿ, ನೆಲಕ್ಕಿಳಿದ ಮಂಗಗಳ ರಕ್ತ ಕುಡಿದು ಬೆಳೆದು, ಡಿಸೆಂಬರಿನಿಂದ ಮೇ ತನಕ ಎರಡನೇ ಹಂತದ ಎಳೆ ಉಣುಗುಗಳಾಗಿ ಕಾಯುತ್ತವೆ. ಮನುಷ್ಯನನ್ನು ಕಚ್ಚುವುದು ಮುಖ್ಯವಾಗಿ ಇವು. ಮಲೆನಾಡಿನ ಜನ ಸೊಪ್ಪು, ದರಗು, ಸೌದೆಗೆ ಕಾಡು ಹೊಗುವುದೂ ಇದೇ ಒಣ ತಿಂಗಳುಗಳಲ್ಲಿ. ಸೋಂಕಿದ ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ನೂರಾರು ಮರಿಗಳು ಅಲ್ಲೇ ಉದುರುತ್ತವೆ. ಆ ಮರದಡಿಯ ನೆಲ ವೈರಸ್ಸಿನ ಕಣಜವಾಗುತ್ತದೆ. ಮಂಗ ಸತ್ತ ಜಾಗಕ್ಕೆ ಹೋಗಬೇಡಿ, ಸುತ್ತ ಐವತ್ತು ಮೀಟರು ಕೀಟನಾಶಕದ ಪುಡಿ ಎರಚಿ ಎಂಬ ಇಂದಿನ ನಿಯಮ ಬಂದದ್ದು ಈ ಎಣಿಕೆಯಿಂದ. ಆ ವರ್ಷಗಳಲ್ಲಿ ಸತ್ತು ಲೆಕ್ಕಕ್ಕೆ ಸಿಕ್ಕ ಮಂಗಗಳೇ ಬಹಳ.

ಆದರೆ ಬಲಿತ ಉಣುಗುಗಳನ್ನು ಅಷ್ಟು ದೊಡ್ಡ ಪ್ರಮಾಣದಲ್ಲಿ ಸಾಕುತ್ತಿದ್ದವರು ಯಾರು? ಬೊಶೆಲ್ ಕೊಟ್ಟ ಉತ್ತರ ಯಾರಿಗೂ ಹಿತವಾಗಿರಲಿಲ್ಲ: ಮೇಯಲು ಕಾಡಿಗೆ ಅಟ್ಟಿದ ದನಗಳು. ದನಕ್ಕೆ ಈ ವೈರಸ್ಸಿನಿಂದ ಏನೂ ಆಗುವುದಿಲ್ಲ, ಆದರೆ ಒಂದೊಂದು ದನವೂ ಉಣುಗುಗಳಿಗೆ ಅನ್ನಛತ್ರ. ಜನಸಂಖ್ಯೆ ಬೆಳೆದು, ಕಾಡು ಕಡಿದು ಗದ್ದೆ ತೋಟಗಳಾಗಿ, ನಡುವೆ ಲಂಟಾನ ತುಂಬಿದ ಕುರುಚಲು ಎದ್ದು, ಅದರೊಳಗೆ ದನಗಳು ಮೇಯತೊಡಗಿದಾಗ, ಕಾಡಿನಲ್ಲಿ ಎಂದಿನಿಂದಲೋ ಸಣ್ಣ ಪ್ರಾಣಿಗಳ ನಡುವೆ ಸದ್ದಿಲ್ಲದೆ ಇದ್ದ ವೈರಸ್ ಹೊರಗೆ ಬಂತು. 1969ರಲ್ಲಿ ಅವನು ಪ್ರಕಟಿಸಿದ ವಾದದ ತಿರುಳು ಇದು. ಹೊರಗಿನಿಂದ ಹಕ್ಕಿ ತಂದ ರೋಗ ಎಂಬ ಕತೆಯ ಜಾಗದಲ್ಲಿ ನಮ್ಮ ನೆಲಬಳಕೆಯಿಂದ ಎದ್ದ ರೋಗ ಎಂಬ ಕತೆ ಬಂತು. 1952ರ ಸುಮಾರಿನಲ್ಲೇ ಪುಣೆಯವರು ದೇಶದ ಹಲವೆಡೆ ಸಂಗ್ರಹಿಸಿದ್ದ ರಕ್ತದ ಮಾದರಿಗಳಲ್ಲಿ, ದೂರದ ಸೌರಾಷ್ಟ್ರದ ಜನರಲ್ಲೂ ಈ ಮನೆತನದ ವೈರಸ್ಸಿನ ವಿರುದ್ಧ ಪ್ರತಿಕಾಯಗಳ ಸುಳಿವಿದ್ದುದು ಈ ಎರಡನೇ ಕತೆಗೆ ಒತ್ತಾಸೆಯಾಯಿತು.

ಇದಕ್ಕೆಲ್ಲ ತೆತ್ತ ಬೆಲೆಯನ್ನೂ ಹೇಳಬೇಕು. ಕ್ಯಾಸನೂರು ವೈರಸ್ ಪ್ರಯೋಗಾಲಯದವರನ್ನು ಬಿಡಲಿಲ್ಲ. ಇಂದಿನಂತೆ ಮುಚ್ಚಿದ ಗಾಜಿನ ಪೆಟ್ಟಿಗೆಗಳು, ಗಾಳಿ ಸೋಸುವ ಕೋಣೆಗಳು ಇಲ್ಲದ ಕಾಲ. ಇಲಿ ಹಿಡಿದವರು, ಸೀರಂ ಬೇರ್ಪಡಿಸಿದವರು, ಗಾಜಿನ ಸಾಮಾನು ತೊಳೆದವರು ಜ್ವರಕ್ಕೆ ಮಲಗಿದರು. ಪುಣೆಯಲ್ಲೂ ಹೊರದೇಶಗಳಲ್ಲೂ ಇಂಥ ಸೋಂಕುಗಳು ಅನೇಕ. ಕಸಾಲ್ಸ್ 1969ರಲ್ಲಿ ಯೇಲ್‌ನಲ್ಲಿ ಆಫ್ರಿಕದ ಲಾಸ್ಸಾ ಜ್ವರದ ವೈರಸ್ಸನ್ನು ಪರೀಕ್ಷಿಸುವಾಗ ಅದಕ್ಕೇ ತುತ್ತಾಗಿ, ಅದರಿಂದ ಚೇತರಿಸಿಕೊಂಡಿದ್ದ ದಾದಿಯೊಬ್ಬರ ಪ್ಲಾಸ್ಮಾ ಪಡೆದು ಬದುಕಿದ. ಇನ್ನು ಸಾಗರದ ಕಾಡುಗಳಲ್ಲಿ ಸತ್ತ ಮಂಗ ಹುಡುಕಿ ತಂದ, ಬಟ್ಟೆ ಎಳೆದ, ಬೋನು ಹೊತ್ತ ಸ್ಥಳೀಯ ಹುಡುಗರ ಹೆಸರುಗಳು ಪ್ರಬಂಧಗಳ ತಲೆಬರಹದಲ್ಲಿಲ್ಲ. ಕಾಡು ಓದಲು ವಿಜ್ಞಾನಿಗಳಿಗೆ ಕಲಿಸಿದವರು ಅವರೇ ಎಂದು ನಾನು ನಂಬುತ್ತೇನೆ.

ಲಸಿಕೆಯ ವಿಷಯದಲ್ಲಿ ಮೊದಲ ಹೆಜ್ಜೆ ಎಡವಿತು. ನೆಂಟ ವೈರಸ್ಸಿಗೆ ಲಸಿಕೆ ಇದೆಯಲ್ಲ, ಅದೇ ಇದಕ್ಕೂ ಆದೀತು ಎಂಬ ಆಸೆ. ರಷ್ಯದ ಮಿದುಳುಜ್ವರದ ವೈರಸ್ಸನ್ನು ಇಲಿಯ ಮಿದುಳಿನಲ್ಲಿ ಬೆಳೆಸಿ, ಫಾರ್ಮಲಿನ್‌ನಲ್ಲಿ ಕೊಂದು ಮಾಡಿದ ಲಸಿಕೆಯನ್ನು ಐವತ್ತರ ದಶಕದ ಕೊನೆಯಲ್ಲಿ ಶಿವಮೊಗ್ಗ ಜಿಲ್ಲೆಯ ಹಳ್ಳಿಗರಿಗೆ ಕೊಟ್ಟರು. ಎಳೆಯ ಸಂಶೋಧಕ ಕೀರ್ತಿ ಶಾ ಮತ್ತು ಸಂಗಡಿಗರು ಅದರ ಫಲವನ್ನು ತೂಗಿ ನೋಡಿ 1962ರಲ್ಲಿ ಬರೆದ ತೀರ್ಮಾನ: ರಕ್ಷಣೆ ಸಿಗಲಿಲ್ಲ. ತಮ್ಮದೇ ಸಂಸ್ಥೆ ತೊಡಗಿದ್ದ ಪ್ರಯೋಗ ಸೋತಿತೆಂದು ಅಂಕಿಗಳ ಸಮೇತ ಅಚ್ಚಿನಲ್ಲಿ ಹೇಳಿದ್ದು ನನ್ನ ಮಟ್ಟಿಗೆ ಆ ತಂಡದ ದೊಡ್ಡತನ. ಹಾಗೆ ಹೇಳಿದ್ದರಿಂದಲೇ ಪುಣೆಯವರು ಕ್ಯಾಸನೂರು ವೈರಸ್ಸನ್ನೇ ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಕೊಲ್ಲುವ ದಾರಿ ಹಿಡಿದರು. ಆ ಲಸಿಕೆ ಮುಂದಿನ ದಶಕಗಳಲ್ಲಿ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಾಗಿ ಮಲೆನಾಡಿನ ತೋಳುಗಳಿಗೆ ಬಂತು.

ಆ ಬಳಗದಿಂದ ಹೊಮ್ಮಿದವರ ಪಟ್ಟಿ ಉದ್ದವಿದೆ. ಕೀರ್ತಿ ಶಾ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ಗೆ ಹೋಗಿ ಗರ್ಭಕೊರಳಿನ ಕ್ಯಾನ್ಸರಿಗೂ ಪ್ಯಾಪಿಲೋಮಾ ವೈರಸ್ಸಿಗೂ ಇರುವ ನಂಟಿನ ಅಧ್ಯಯನದಲ್ಲಿ ಹೆಸರಾದರು. ರಾಜಗೋಪಾಲನ್ ಪುದುಚೇರಿಯ ಕೀಟ ನಿಯಂತ್ರಣ ಸಂಶೋಧನಾ ಕೇಂದ್ರದ ನಿರ್ದೇಶಕರಾದರು. ಖೋರ್ಷೆದ್ ಪಾವ್ರಿ ರಾಷ್ಟ್ರೀಯ ವೈರಾಣು ಸಂಸ್ಥೆಯನ್ನು ನಡೆಸಿದರು. ಉಣುಗಿನ ಕೈಪಿಡಿಗೆ ದುಡಿದವರಲ್ಲಿ ಒಬ್ಬರಾದ ಕೆ.ಆರ್.ಪಿ. ಸಿಂಗ್ 1967ರಲ್ಲಿ ಪುಣೆಯಲ್ಲಿ ಈಡಿಸ್ ಸೊಳ್ಳೆಯ ಜೀವಕೋಶಗಳನ್ನು ಗಾಜಿನ ಬಾಟಲಿಯಲ್ಲಿ ನಿರಂತರವಾಗಿ ಬೆಳೆಯುವಂತೆ ಮಾಡಿದರು. ಜಪಾನಿನ ಅಕಿರಾ ಇಗರಾಶಿ 1978ರಲ್ಲಿ ಅದರಿಂದ ಸಿ6/36 ಎಂಬ ತಳಿಯನ್ನು ಆರಿಸಿ ತೆಗೆದರು. ಡೆಂಗಿ, ಚಿಕೂನ್‌ಗುನ್ಯಾ, ಝೀಕಾ ವೈರಸ್ಸುಗಳನ್ನು ಜಗತ್ತಿನ ಪ್ರಯೋಗಾಲಯಗಳು ಇಂದು ಬೆಳೆಸುವುದು ಅನೇಕ ವೇಳೆ ಆ ಕೋಶಗಳಲ್ಲಿ.

ಎಪ್ಪತ್ತರ ದಶಕದ ಹೊತ್ತಿಗೆ ಗಾಳಿ ಬದಲಾಗಿತ್ತು. ರಾಕ್‌ಫೆಲ್ಲರ್ ಹಿಂದೆ ಸರಿದಿತ್ತು. ಹಕ್ಕಿ ವಲಸೆಯ ಅಧ್ಯಯನಕ್ಕೆ ಆ ನಡುವೆ ಅಮೆರಿಕದ ಸೇನೆಯ ಹಣದಿಂದ ನಡೆಯುತ್ತಿದ್ದ ಏಷ್ಯಾದ ಒಂದು ಯೋಜನೆಯ ನಂಟು ಬೆಳೆದಿತ್ತು. ದೆಹಲಿಯ ಸೊಳ್ಳೆ ನಿಯಂತ್ರಣ ಪ್ರಯೋಗ, ಮುಂಬಯಿಯ ಹಕ್ಕಿ ಅಧ್ಯಯನ ಎಲ್ಲದರ ಹಿಂದೆ ಜೈವಿಕ ಯುದ್ಧದ ತಯಾರಿ ಇದೆಯೇ ಎಂದು ಪತ್ರಿಕೆಗಳು ಕೇಳಿದವು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿದೇಶಿ ಸಹಭಾಗಿತ್ವದ ಸಂಶೋಧನೆಗಳನ್ನು ವಿಚಾರಣೆಗೆ ಎತ್ತಿಕೊಂಡಿತು. ಆ ಪ್ರಶ್ನೆ ಕೇಳಿದ್ದು ತಪ್ಪಲ್ಲ. ನಮ್ಮ ಕಾಡಿನ ರೋಗದ ಮಾಹಿತಿ ಯಾರ ಕಡತಕ್ಕೆ, ಯಾವ ಉದ್ದೇಶಕ್ಕೆ ಹೋಗುತ್ತದೆ ಎಂದು ತಿಳಿಯುವ ಹಕ್ಕು ಜನರದು; ಹಣದ ಮೂಲವನ್ನು ಮೊದಲೇ ಬಿಚ್ಚಿ ಹೇಳಿದ್ದರೆ ಅನುಮಾನಕ್ಕೆ ಎಡೆಯೇ ಇರುತ್ತಿರಲಿಲ್ಲ. ನಷ್ಟವಾದದ್ದೂ ನಿಜ: ಹೊರಗಿನವರ ಜೊತೆ ಕೈಜೋಡಿಸುವುದೆಂದರೆ ಶಂಕೆಯ ಕೆಲಸ ಎಂಬ ಭಾವ ಬಹುಕಾಲ ಉಳಿಯಿತು.

ವೈರಸ್ಸುಗಳ ವಂಶಾವಳಿ ಮಾತ್ರ ಬೆಳೆಯುತ್ತಲೇ ಇತ್ತು. ತೊಂಬತ್ತರ ದಶಕದ ನಡುವೆ ಸೌದಿ ಅರೇಬಿಯದ ಜೆಡ್ಡಾದಲ್ಲಿ ಕುರಿ ಕಡಿಯುವವರಿಗೆ ರಕ್ತಸ್ರಾವದ ಜ್ವರ ಬಂದಾಗ, ಅಲ್ಲಿದ್ದ ಈಜಿಪ್ಟಿನ ವಿಜ್ಞಾನಿ ಅಲಿ ಮೊಹಮ್ಮದ್ ಝಕಿ ಒಂದು ವೈರಸ್ಸನ್ನು ಬೇರ್ಪಡಿಸಿದರು. ಫ್ರಾನ್ಸಿನ ಪ್ರಯೋಗಾಲಯದಲ್ಲಿ ಅದರ ಜೀನುಗಳನ್ನು ಓದಿದಾಗ ತೀರ ಹತ್ತಿರದ ಬಂಧುವಾಗಿ ಸಿಕ್ಕಿದ್ದು ಕ್ಯಾಸನೂರು ವೈರಸ್. ಇದೇ ಝಕಿ 2012ರಲ್ಲಿ ಮೆರ್ಸ್ ಕೊರೊನಾ ವೈರಸ್ಸನ್ನೂ ಮೊದಲು ಗುರುತಿಸಿದರು.

ಇಷ್ಟೆಲ್ಲ ತಿಳಿದ ಮೇಲೂ 1983ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ ಸೀಮೆಯಲ್ಲಿ ಗೇರುತೋಟಕ್ಕೆಂದು ಕಾಡು ಕಡಿಸಿದಾಗ, ಬೊಶೆಲ್ ಹದಿನಾಲ್ಕು ವರ್ಷ ಮೊದಲೇ ಬರೆದಿಟ್ಟದ್ದು ಅಕ್ಷರಶಃ ನಡೆಯಿತು. ಮೊದಲು ಮಂಗಗಳು ಸತ್ತವು, ಆಮೇಲೆ ಮರ ಕಡಿದ ಕೂಲಿಗಳು ಬಿದ್ದರು. ಆ ಹಂಗಾಮಿನಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಜನ ರೋಗಿಗಳಾದರು, ನೂರೈವತ್ತು ಜನ ಸತ್ತರು. ಇದನ್ನು ಓದುವಾಗೆಲ್ಲ ನನಗೆ ಸಂಕಟವಾಗುತ್ತದೆ. ಕೊಲಂಬಿಯದಿಂದ ಸಾಗರಕ್ಕೆ, ಸಾಗರದಿಂದ ಕೈರೋಗೆ ಹೋಗಿ ಬಂದ ತಿಳಿವಳಿಕೆ ಆರೋಗ್ಯ ಇಲಾಖೆಯ ಕಚೇರಿಯಿಂದ ಅರಣ್ಯ ಇಲಾಖೆಯ ಕಚೇರಿಗೆ ಹೋಗಲಿಲ್ಲ. ಕಾಡು ಕಡಿಯಲು ಅಪ್ಪಣೆ ಕೊಡುವವರು, ಸತ್ತ ಮಂಗನನ್ನು ಮೊದಲು ಕಾಣುವವರು, ದನಕ್ಕೆ ಉಣುಗು ನಿವಾರಿಸುವ ಔಷಧ ಕೊಡುವವರು, ಜ್ವರಕ್ಕೆ ಚಿಕಿತ್ಸೆ ಕೊಡುವವರು ಬೇರೆ ಬೇರೆ ಇಲಾಖೆಯವರು. ವಿಜ್ಞಾನಿಗಳ ಸಹಕಾರ ಸಾಗರಗಳನ್ನು ದಾಟಿದ್ದ ಹೊತ್ತಿನಲ್ಲಿ ಜಿಲ್ಲಾಡಳಿತದ ಒಳಗೆ ಒಂದು ಮೇಜು ದಾಟಲಾಗಲಿಲ್ಲ.

2012ರ ಕೊನೆಯಿಂದ ರೋಗ ಹಳೆಯ ಐದು ಜಿಲ್ಲೆಗಳ ಗಡಿ ಮೀರಿತು. ಬಂಡೀಪುರ, ನೀಲಗಿರಿ, ವಯನಾಡು, ಗೋವದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ ಹೀಗೆ ಪಶ್ಚಿಮ ಘಟ್ಟದ ಉದ್ದಕ್ಕೂ ಕಾಣಿಸಿತು. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮತ್ತೆ ಸಾವುಗಳಾದವು. ಆಗಲೇ ಗೊತ್ತಿತ್ತು, ಹಳೆಯ ಲಸಿಕೆ ಸೊರಗಿದೆ ಎಂದು: 2005ರಿಂದ 2010ರವರೆಗಿನ ಅಂಕಿಗಳನ್ನು ನೋಡಿದ ಅಧ್ಯಯನದಲ್ಲಿ ಎರಡು ಡೋಸು ಪಡೆದವರಿಗೆ ಶೇ. 62.4ರಷ್ಟು, ಬೂಸ್ಟರೂ ಪಡೆದವರಿಗೆ ಶೇ. 82.9ರಷ್ಟು ಮಾತ್ರ ರಕ್ಷಣೆ. ಚುಚ್ಚಿದ ನೋವಿಗೆ ಹೆದರಿ ಎರಡನೇ ಡೋಸಿಗೇ ಬಾರದವರು ಬಹಳ. 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಲಾಯಿತು.

ಈ ಅವಧಿಯಲ್ಲಿ ನಡೆದ ಒಂದು ಕೆಲಸ ನನಗೆ ಹಳೆಯ ಬಳಗಕ್ಕಿಂತಲೂ ಮುಂದಿನ ಹೆಜ್ಜೆಯಾಗಿ ಕಾಣುತ್ತದೆ. ಬ್ರಿಟನ್ನಿನ ಪರಿಸರ ವಿಜ್ಞಾನಿಗಳು, ಬೆಂಗಳೂರಿನ ಪರಿಸರ ಸಂಶೋಧಕರು, ಪಶುರೋಗ ತಜ್ಞರು, ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯದ ವೈದ್ಯರು ಒಟ್ಟಾಗಿ ಯಾವ ಊರಿನಲ್ಲಿ ಅಪಾಯ ಹೆಚ್ಚು ಎಂದು ತೋರಿಸುವ ನಕ್ಷೆಗಳನ್ನು ಬರೆದರು. 2020ರಲ್ಲಿ ಅದು ಪ್ರಕಟವಾಯಿತು. ನಕ್ಷೆಗೆ ಏನೇನು ಸೇರಬೇಕು ಎಂಬುದನ್ನು ಅವರು ತಾವೇ ತೀರ್ಮಾನಿಸಲಿಲ್ಲ. ಆರೋಗ್ಯ, ಪಶುಸಂಗೋಪನೆ, ಅರಣ್ಯ ಇಲಾಖೆಗಳವರನ್ನು ಒಂದೆಡೆ ಕೂರಿಸಿ ಕೇಳಿದರು. ತೇವದ ಹಸಿರು ಕಾಡು ತೋಟ, ಗದ್ದೆಗಳ ಜೊತೆ ಬೆರೆತ ಕಡೆ, ದನಗಳು ಹೆಚ್ಚಿರುವ ಕಡೆ ರೋಗವೂ ಹೆಚ್ಚು ಎಂದು ಅಂಕಿಗಳು ಹೇಳಿದವು. ಬಿಳಿ ಬಟ್ಟೆ ಎಳೆದವರು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಈಗ ಅದು ಲಸಿಕೆ, ಉಣುಗು ಓಡಿಸುವ ಎಣ್ಣೆ, ಎಚ್ಚರಿಕೆಗಳನ್ನು ಮೊದಲು ಯಾವ ಊರಿಗೆ ಮುಟ್ಟಿಸಬೇಕು ಎಂದು ಬೆರಳಿಟ್ಟು ತೋರಿಸಬಲ್ಲ ರೂಪದಲ್ಲಿ ಕೈಗೆ ಬಂದಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆ ಸೇರಿ ಹೊಸ ಲಸಿಕೆಯ ಕೆಲಸದಲ್ಲಿದೆ. ಅದು ಬರುವ ತನಕ ಮಲೆನಾಡಿನಲ್ಲಿ ಕೆಲಸ ಆಶಾ ಕಾರ್ಯಕರ್ತೆಯರದು. ಮಳೆ ಮುಗಿದು ದರಗು ಉದುರುವ ಮೊದಲು ಮನೆಮನೆಗೆ ಉಣುಗು ಓಡಿಸುವ ಡೆಪಾ ಎಣ್ಣೆಯ ಬಾಟಲಿ ತಲುಪಿಸಬೇಕು, ಕಾಡಿಗೆ ಹೊರಟವರು ಅದನ್ನು ಕೈಕಾಲಿಗೆ ಹಚ್ಚಿಕೊಂಡರೇ ಎಂದು ವಿಚಾರಿಸಬೇಕು, ಎಲ್ಲಿ ಮಂಗ ಸತ್ತಿದೆ ಎಂಬ ಸುದ್ದಿಯನ್ನು ಅದೇ ದಿನ ಶಿವಮೊಗ್ಗಕ್ಕೆ ಮುಟ್ಟಿಸಬೇಕು.